ಕಲ್ಲಿಲ್ಲದ ಕವಣೆ

“ಗುರುಗಳೇ, ಮೂರನೆಯ ಸಲವೂ ಹರಿದರೆ ಏನು ಮಾಡಲಿ?”

ಕೇಳಿದವನು ಫಕೀರೇಶ. ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವವನು. ನಾಲ್ಕು ವರ್ಷದಲ್ಲಿ ಅವನ ಬಲ ಮೊಣಕೈಯೊಳಗೆ ಮೂಳೆಗಳನ್ನು ಬಿಗಿದಿಡುವ ನಾರು ಎರಡು ಸಲ ಹರಿದಿತ್ತು. ಮೊದಲ ಸಲ ವೈದ್ಯರು ಬಲ ಮುಂಗೈಯಿಂದ ನಾರು ತೆಗೆದು ಅಲ್ಲಿ ಕಟ್ಟಿದರು. ಎರಡನೆಯ ಸಲ ಎಡ ಮುಂಗೈಯಿಂದ ತೆಗೆದರು. ವಾಸಿಯಾಗಿದೆ, ಇನ್ನು ಎಸೆಯಬಹುದು ಎಂದು ಅವರು ಹೇಳಿ ಮೂರು ತಿಂಗಳಾಗಿತ್ತು. ಫಕೀರೇಶ ಇನ್ನೂ ಒಂದು ಚೆಂಡನ್ನೂ ಎಸೆದಿರಲಿಲ್ಲ. ಗುರುಗಳ ಎದುರು ಕೂತಾಗಲೂ ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದ.

“ಹರಿಯುವುದಿಲ್ಲ ಎಂದು ನಾನು ಹೇಳಲಾರೆನಪ್ಪಾ. ಒಂದು ಕತೆ ಹೇಳಬಲ್ಲೆ, ಕೇಳು” ಎಂದು ಗುರುಗಳು ಶುರುಮಾಡಿದರು.

ಒಂದೂರಲ್ಲಿ ಒಬ್ಬ ಕವಣೆಗಾರನಿದ್ದ. ಊರಿನ ಜೋಳದ ಹೊಲಕ್ಕೆಲ್ಲ ಅವನೇ ಕಾವಲು. ತೆನೆ ಹಾಲುಗಟ್ಟುವ ಕಾಲಕ್ಕೆ ಅಟ್ಟಣೆ ಹತ್ತಿ ನಿಂತು ಕವಣೆ ಬೀಸಿದನೆಂದರೆ ಮುಗಿಯಿತು, ಗಿಳಿಗಳ ಹಿಂಡು ಊರ ಗಡಿ ದಾಟಿಯೇ ರೆಕ್ಕೆ ಮಡಿಸಬೇಕು. ಬೇರೆ ಕೆಲಸ ಅವನಿಗೆ ಬರುತ್ತಲೂ ಇರಲಿಲ್ಲ.

ಒಂದು ವರ್ಷ ಬೀಸುವಾಗ ಮೊಣಕೈಯೊಳಗೆ ಏನೋ ಪಟ್ಟೆಂದಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ ಆರು ತಿಂಗಳು ಕೂರಿಸಿದ. ವಾಸಿಯಾಯಿತು. ಮರುವರ್ಷ ಅದೇ ಜಾಗ, ಅದೇ ಸದ್ದು. ಮತ್ತೆ ದಬ್ಬೆ, ಮತ್ತೆ ಆರು ತಿಂಗಳು. ಕಟ್ಟು ಬಿಚ್ಚಿದ ದಿನ ವೈದ್ಯ ಕೈಯನ್ನು ಮಡಚಿ ಚಾಚಿ ನೋಡಿ, “ಗಟ್ಟಿಯಾಗಿದೆ. ಮೊದಲು ಸಣ್ಣ ಕಲ್ಲು, ಆಮೇಲೆ ದೊಡ್ಡದು. ಹೋಗಿ ಬೀಸು” ಎಂದ.

ವೈದ್ಯನಿಗೇನು, ಹೇಳಿಬಿಟ್ಟ. ಆ ಸದ್ದು ಕೇಳಿದ್ದು ಇವನ ಕಿವಿಯಲ್ಲವೇ! ಬಿಸಿ ಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ; ಇವನು ಮಜ್ಜಿಗೆಯ ಹತ್ತಿರವೂ ಹೋಗದ ಬೆಕ್ಕಾದ. ಬಾಗಿಲ ಚಿಲಕ ಪಟ್ಟೆಂದರೆ ಎದೆ ಧಸಕ್ಕೆನ್ನುತ್ತಿತ್ತು. ನೀರಿನ ಚೊಂಬು ಎತ್ತಲೂ ಭಯ. ಎಡಗೈ ಹಗಲೆಲ್ಲ ಬಲ ಮೊಣಕೈಯ ಮೇಲೆಯೇ ಇರುತ್ತಿತ್ತು.

“ಅಲ್ಲಾ, ವಾಸಿಯಾದ ಕೈಯನ್ನು ಬಾಣಂತಿ ಕೂಸು ಹಿಡಿದ ಹಾಗೆ ಹಿಡಿದುಕೊಂಡಿದ್ದೀರಲ್ಲ, ಇನ್ನೆಷ್ಟು ದಿನ?” ಎಂದಳು ಹೆಂಡತಿ.

“ಸುಮ್ಮನಿರೇ. ಇನ್ನೊಂದು ಸಲ ಹರಿದರೆ ಈ ಜನ್ಮಕ್ಕೆ ನಾನು ಕವಣೆ ಮುಟ್ಟುವ ಹಾಗಿಲ್ಲ” ಎಂದ.

ಜೋಳ ಹಾಲುಗಟ್ಟಿತು. ಊರವರು ಕರೆದರು. ಇಲ್ಲವೆನ್ನಲು ನಾಚಿಕೆ, ಹೂಂ ಎನ್ನಲು ಭಯ. ಹೇಗೋ ಅಟ್ಟಣೆ ಹತ್ತಿದ. ಕವಣೆಗೆ ಕಲ್ಲಿಡಲು ಬಗ್ಗಿದವನು ಬರಿಗೈಯಲ್ಲೇ ಎದ್ದು ನಿಂತ. ಕಲ್ಲಿಡದೆ, ಮೊಣಕೈ ಆಡಿಸದೆ, ಮುಂಗೈಯನ್ನು ಮಾತ್ರ ತಿರುವಿ ಹುರಿಯನ್ನು ಝಾಡಿಸಿದ. ಹುರಿಯ ತುದಿ ಚಟೀರೆಂದಿತು. ಗಿಳಿಗಳು ಬುರ್ರನೆ ಎದ್ದವು. ಅವನಿಗೆ ಹೋದ ಜೀವ ಬಂದಂತಾಯಿತು. ಸದ್ದೇ ಸಾಕಾದರೆ ಕಲ್ಲೇಕೆ!

ಕೆಳಗೆ ನಿಂತವರಿಗೆ ಏನು ಗೊತ್ತು? ಚಟೀರೆನ್ನುವುದು ಕೇಳಿಸುತ್ತಿತ್ತು, ಹಿಂಡು ಏಳುವುದು ಕಾಣಿಸುತ್ತಿತ್ತು. ಹಳೆಯ ಕೈ ಮರಳಿ ಬಂತು ಎಂದು ಹಿಗ್ಗಿದರು. ಅವನದು ಮಾತ್ರ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾಳೆ ಕಲ್ಲಿಡುತ್ತೇನೆ ಎಂದುಕೊಂಡು ದಿನವೂ ಅಟ್ಟಣೆ ಇಳಿಯುತ್ತಿದ್ದ.

ಗಿಳಿಗಳಿಗೆ ಬುದ್ಧಿ ಹೇಳಿಕೊಡಬೇಕೇ? ಮೊದಮೊದಲು ಎರಡು ಹೊಲ ದಾಟಿ ಹಾರುತ್ತಿದ್ದವು. ಆಮೇಲೆ ಬದುವಿನ ತನಕ ಹೋಗಿ ಮರಳಿದವು. ಹದಿನೈದು ದಿನ ಕಳೆಯುವಷ್ಟರಲ್ಲಿ ಏಳುವುದನ್ನೇ ಬಿಟ್ಟವು. ಚಟೀರೆಂದಾಗ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತೆನೆಗೆ ಬಾಯಿ ಹಾಕುತ್ತಿದ್ದವು.

ಒಂದು ಬೆಳಿಗ್ಗೆ ಹೊಲದ ತುಂಬ ಗಿಳಿಗಳು ಬಂದಿಳಿದವು. ಊರಿಗೆ ಊರೇ ಬದುವಿನ ಮೇಲೆ ನಿಂತು “ಹೊಡಿಯೋ, ಹೊಡಿ!” ಎಂದು ಕೂಗಿತು. ವರ್ಷದ ಅನ್ನ ಕಣ್ಣೆದುರೇ ಹೋಗುತ್ತಿತ್ತು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಅವನು ಕಲ್ಲಿಟ್ಟ. ಕೈ ಎತ್ತಿದ. ತಲೆಯ ಮೇಲೆ ಒಂದು ಸುತ್ತು ಬೀಸಿದ. ಅಷ್ಟರಲ್ಲಿ ಆ ಹಳೆಯ ಸದ್ದು ಮತ್ತೆ ಕೇಳಿದಂತಾಯಿತು. ಅವನಿಗೇ ತಿಳಿಯದೆ ಎಡಗೈ ಹಾರಿ ಬಂದು ಬಲ ಮೊಣಕೈಯನ್ನು ಅವುಚಿಕೊಂಡಿತು. ಕಲ್ಲು ಅವನ ಕಾಲ ಬಳಿಯೇ ಬಿತ್ತು.

ಆ ವರ್ಷ ಊರಿಗೆ ಸಿಕ್ಕಿದ್ದು ಬರೀ ದಂಟು. ಮರುವರ್ಷ ಅಟ್ಟಣೆಯನ್ನು ಬೇರೆಯವನು ಹತ್ತಿದ.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು. “ಅವನ ಮೊಣಕೈ? ಮತ್ತೆ ಹರಿದಿತ್ತೇ?” ಎಂದು ಫಕೀರೇಶ ಕೇಳಿದ.

“ಇಲ್ಲ. ಸಾಯುವ ತನಕ ಗಟ್ಟಿಯಾಗಿಯೇ ಇತ್ತು” ಎಂದರು ಗುರುಗಳು. ಆಮೇಲೆ ಕೇಳಿದರು: “ನಿನ್ನ ಬಲಗೈಯನ್ನು ಎರಡು ಸಲ ವೈದ್ಯರಿಗೆ ತೋರಿಸಿದೆ; ಈ ಎಡಗೈಯನ್ನು ಯಾರಿಗೆ ತೋರಿಸುತ್ತೀಯ?”

ಫಕೀರೇಶ ತನ್ನ ಎಡಗೈ ಎಲ್ಲಿದೆಯೆಂದು ನೋಡಿಕೊಂಡ. ಅದು ಇನ್ನೂ ಬಲ ಮೊಣಕೈಯ ಮೇಲೆಯೇ ಇತ್ತು.