ಇಲ್ಲೇ ಬೆಂದ ಅನ್ನ

ಬೀಜದ ಉಗ್ರಾಣದಲ್ಲಿ ತೂಕಕ್ಕಿದ್ದ ಕಂಪ್ಯೂಟರ್ ಮುದಿಯಾಗಿತ್ತು. ಹೊಸ ಸಾಫ್ಟ್‌ವೇರನ್ನು ಅದರಲ್ಲೇ ತಯಾರು ಮಾಡಲು ಹೋದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆಪರೇಟರ್ ನೀಲವ್ವ ಪಕ್ಕದ ಕೋಣೆಯ ಹೊಸ ಕಂಪ್ಯೂಟರಿನಲ್ಲಿ ಅದರ ಪೂರ್ತಿ ಪ್ಯಾಕೇಜ್ ತಯಾರು ಮಾಡಿ ಪೆನ್‌ಡ್ರೈವಿನಲ್ಲಿ ತಂದಳು. ಇನ್ನು ಹಾಕಿದರೆ ಮುಗಿಯಿತು.

ವರ್ಗವಾಗಿ ಹೊಸದಾಗಿ ಬಂದಿದ್ದ ಮೇಟಿ ಸಾಹೇಬರು ಅಡ್ಡ ನಿಂತರು. "ಇಲ್ಲಿ ಓಡೂದು ಇಲ್ಲೇ ತಯಾರಾಗಬೇಕು. ಬ್ಯಾರೆ ಕಡೆ ಮಾಡಿ ತಂದದ್ದು ನಡಿಯಂಗಿಲ್ಲ."

ತೂಕ ನಿಂತು, ಹೊರಗೆ ಬೀಜಕ್ಕೆ ಬಂದವರ ಸಾಲು ಬೆಳೆಯುತ್ತಲೇ ಇತ್ತು. ನೀಲವ್ವ ವಾದಕ್ಕಿಳಿಯಲಿಲ್ಲ. ಸಾಹೇಬರು ಊಟಕ್ಕೆ ಕೂತಾಗ ಅವರ ಡಬ್ಬಿಯನ್ನು ಮೆಲ್ಲಗೆ ಆಚೆ ಸರಿಸಿದಳು. ಕಚೇರಿಯ ಚಹಾದ ಒಲೆ, ಒಂದು ಪಾತ್ರೆ, ಒಂದಿಷ್ಟು ಅಕ್ಕಿ ತಂದು ಮೇಜಿನ ಮೇಲಿಟ್ಟಳು.

"ಇಲ್ಲಿ ಉಣ್ಣೂದೂ ಇಲ್ಲೇ ತಯಾರಾಗಬೇಕಲ್ರಿ, ಸಾಹೇಬ್ರ. ಡಬ್ಬಿ ಬ್ಯಾರೆ ಕಡೆ ಮಾಡಿ ತಂದದ್ದು."

ಕಚೇರಿಗೆ ಕಚೇರಿಯೇ ನಕ್ಕಿತು. ಸಾಹೇಬರು ಸಿಟ್ಟಾಗಲಿಲ್ಲ. ತೋಳು ಮಡಚಿ ಅಕ್ಕಿ ತೊಳೆದರು, ಬೆರಳಿಟ್ಟು ನೀರಿನ ಅಳತೆ ನೋಡಿದರು, ಒಲೆ ಹಚ್ಚಿದರು. ಅನ್ನ ಕುದ್ದು ಆವಿ ಎದ್ದಾಗ ಪಾತ್ರೆಯ ಮೇಲೆ ಬಾಗಿದರು.

"ಡಬ್ಬಿ ಖಾನಾವಳೀದು, ನೀಲವ್ವ. ನಮ್ಮಾಕಿ ತೀರಿಕೊಂಡ ಮ್ಯಾಲೆ ಮನ್ಯಾಗ ಒಲಿ ಹಚ್ಚಿಲ್ಲ. ಬಿಸಿ ಅನ್ನದ ವಾಸನಿ ಮರತೇ ಹೋಗಿತ್ತು" ಎಂದರು. "ಹಾಕು ನಿನ್ನ ಸಾಫ್ಟ್‌ವೇರ್."

ಕಚೇರಿಯ ನಗು ಅಲ್ಲೇ ಅಡಗಿತು. ಪ್ಯಾಕೇಜ್ ಗಳಿಗೆಯಲ್ಲಿ ಮುದಿ ಕಂಪ್ಯೂಟರಿನೊಳಗೆ ಕೂತಿತು. ಹೊರಗಿನ ಸಾಲು ಸರಿಯತೊಡಗಿತು. ಗೆದ್ದವಳು ನೀಲವ್ವ. ಆದರೆ ಡಬ್ಬಿಯ ಆ ಮಾತು ಆಡಬಾರದಿತ್ತೆಂದು ಅವಳಿಗೆ ಅನ್ನಿಸುತ್ತಲೇ ಇತ್ತು.

ಅಷ್ಟರಲ್ಲಿ ಸಾಹೇಬರು ಹಳೇ ರೂಢಿಯಂತೆ ಎರಡು ತಟ್ಟೆಗೆ ಅನ್ನ ಬಡಿಸಿದ್ದರು. ಎರಡನೆಯದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು. ಆಮೇಲೆ ಅದನ್ನು ನೀಲವ್ವನ ಕಡೆ ಸರಿಸಿದರು.