ತಿರುಗುವ ತಾಟಿನ ಮೇಲೊಂದು ಹೆಸರು

ಇಳಕಲ್ಲಿನ ಮೋನಪ್ಪ ಪತ್ತಾರನಿಗೆ ಯಂತ್ರದ ಹುಚ್ಚು. ಹೆಂಡತಿಯ ಸ್ಟೀಲ್ ತಾಟುಗಳನ್ನು ಸಾಲಾಗಿ ಪೋಣಿಸಿ, ರೆಕ್ಕೆಯೇ ಇಲ್ಲದ ಟರ್ಬೈನ್ ಮಾಡಿದ್ದ. ಕಂಪ್ರೆಸರ್ ಗಾಳಿ ಬಿಟ್ಟರೆ ಗಿರ್ರನೆ ತಿರುಗುತ್ತಿತ್ತು.

ಊರಿನ ಪ್ರದರ್ಶನದ ಅಧ್ಯಕ್ಷ ಚನ್ನಮಲ್ಲಪ್ಪನವರು ಅದನ್ನು ನೋಡಿ ಮೀಸೆ ತಿರುವಿದರು. "ಇದರ ಮ್ಯಾಲೆ ನನ್ನ ಹೆಸರು ಕೆತ್ತು. ಇಲ್ಲಾಂದ್ರ ಒಳಗ ಜಾಗಾ ಇಲ್ಲ."

"ಆತ್ರೀ ಸಾಹೇಬ್ರ, ಎದುರಿಗೆ ಕಾಣೋ ತಾಟಿನ ತುಂಬ ಕೆತ್ತತೀನಿ," ಅಂದ ಮೋನಪ್ಪ. ಕೆತ್ತಿಯೂ ಕೆತ್ತಿದ.

ಉದ್ಘಾಟನೆಗೆ ಅಧ್ಯಕ್ಷರೇ ಗಾಳಿ ಬಿಟ್ಟರು. ಮಂದಿ ಚಪ್ಪಾಳೆ ಹೊಡೆದರು. ತಾಟು ತಿರುಗುವ ರಭಸಕ್ಕೆ ಹೆಸರು ಮಾತ್ರ ಮಾಯ!

"ನನ್ನ ಹೆಸರೆಲ್ಲೋ?"

ಮೋನಪ್ಪ ಕೈ ಮುಗಿದ. "ಅಲ್ಲೇ ಐತ್ರಿ. ಯಂತ್ರ ಕೆಟ್ಟು ನಿಂತಾಗ, ಇದು ಯಾರದು ಅಂತ ಮಂದಿ ಕೇಳ್ತಾರಲ್ರೀ, ಆಗ ಎದ್ದು ಕಾಣತೈತಿ."

ಹೆಸರು ತಿಕ್ಕಿ ಅಳಿಸಲು ಮರುದಿನ ಅಧ್ಯಕ್ಷರು ತಾವೇ ಅರ ಹಿಡಿದು ಬಂದರು.