ಕಾಂಡ್ಲಾ ಮರ ಮಕ್ಕಳನ್ನು ಕೊಂಬೆಯಲ್ಲೇ ಬೆಳೆಸುವುದು ಯಾಕೆ?

ಕಡಲಿಗೆ ಉಪ್ಪು ಹತ್ತಿ ಇನ್ನೂ ನಾಲ್ಕು ದಿನ ಆಗಿತ್ತಷ್ಟೆ. ಹೊಳೆಗಳಿಗೂ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಕಂಡಕಂಡವರನ್ನು ಕೇಳಿಕೊಂಡು ಬರುತ್ತಿದ್ದವು. ಅಷ್ಟು ಹಳೇ ಮಾತು ಇದು, ಮಗಾ.

ಹೊಳೆ ಕಡಲು ಸೇರುವಲ್ಲಿ ಒಂದು ಪುಟ್ಟ ನಡುಗಡ್ಡೆ. ಅಲ್ಲಿ ಮೀನು ಹಿಡಿಯುವ ಮಂಕಾಳಿಯ ಗುಡಿಸಲು. ಗುಡಿಸಲ ಮುಂದೆ, ಉಪ್ಪುನೀರಿನ ಕೆಸರಲ್ಲೇ ಬೇರೂರುವ ಕಾಂಡ್ಲಾ ಮರ, ಒಂದೇ ಒಂದು. ಕಡಲರಾಯ ದಿನಕ್ಕೆ ಎರಡು ಸಲ ಉಬ್ಬಿ ಬಂದು ದಡವನ್ನು ಕಚ್ಚಿಕೊಂಡು ಹೋಗುತ್ತಿದ್ದ. ಕಾಂಡ್ಲಾದ ಬೇರು ಹಿಡಿದಷ್ಟು ಮಣ್ಣು ಮಾತ್ರ ಉಳಿಯುತ್ತಿತ್ತು.

"ಇನ್ನೊಂದು ಹತ್ತು ಮರ ಆದರೆ ನಮ್ಮ ನೆಲ ಉಳೀತದೆ ಮಾರಾಯ್ತಿ," ಅಂದಳು ಮಂಕಾಳಿ ಮರಕ್ಕೆ. "ಇಲ್ಲಾಂದ್ರೆ ಈ ಮಳೆಗಾಲಕ್ಕೆ ನಾನೂ ಇಲ್ಲ, ನೀನೂ ಇಲ್ಲ."

ಕಾಂಡ್ಲಾ ಬೀಜ ಉದುರಿಸಿತು. ಕಡಲರಾಯ ಬಂದ, ಬಾಚಿಕೊಂಡು ಹೋದ. ಮತ್ತೆ ಉದುರಿಸಿತು. ಮತ್ತೆ ಬಂದ, ಮತ್ತೆ ಬಾಚಿಕೊಂಡು ಹೋದ.

ಮಂಕಾಳಿ ಬಿಡುವವಳೇ? ದೋಣಿ ಹತ್ತಿದಳು. ಹಿನ್ನೀರೆಲ್ಲ ಸುತ್ತಿ, ಬೆಸ್ತರ ಕೇರಿಗಳ ದಡವೆಲ್ಲ ತಡಕಿ, ತೇಲಿಹೋಗಿದ್ದ ಬೀಜಗಳನ್ನು ಬುಟ್ಟಿ ತುಂಬ ಆರಿಸಿ ತಂದು ಊರಿದಳು. ಅವೂ ಹೋದವು.

"ಹೊಳೆಯಲ್ಲಿ ಹುಣಸೇಹಣ್ಣು ತೊಳೀತಾ ಇದ್ದೀಯಲ್ಲೇ!" ಅಂತ ನೀರುನಾಯಿ ನಕ್ಕಿತು.

ಮಂಕಾಳಿಗೆ ಅಳುವೇ ಬಂತು. ಸಿಟ್ಟಿನಲ್ಲಿ, ದೋಣಿ ನೂಕುವ ಬಿದಿರ ಜಲ್ಲೆಯನ್ನು ಕೆಸರಿಗೆ ಕುಕ್ಕಿ, ದೋಣಿಯನ್ನು ಅದಕ್ಕೇ ಕಟ್ಟಿದಳು. ಉಬ್ಬರ ಬಂತು. ಎಳೆಯಿತು, ಜಗ್ಗಿತು. ಜಲ್ಲೆ ಅಲುಗಲಿಲ್ಲ.

"ಅಯ್ಯೋ ನನ್ನ ದಡ್ಡತನವೇ!" ಮಂಕಾಳಿ ಹಣೆ ಚಚ್ಚಿಕೊಂಡಳು. "ಕಾಂಡ್ಲಾ, ನಿಲ್ಲಲು ಬಾರದ ಹಸುಗೂಸನ್ನು ಯಾರಾದರೂ ನೀರಿಗೆ ಬಿಡ್ತಾರೇನೇ? ನಿನ್ನ ಕಂಕುಳಲ್ಲೇ ಮೊಳಕೆ ಒಡೆಯಲಿ. ನನ್ನ ಜಲ್ಲೆಯ ಹಾಗೆ ಉದ್ದ ಆಗಲಿ, ತುದಿ ಚೂಪಾಗಲಿ. ಆಮೇಲೆ ನೀರಿಳಿದಾಗ ನೆಟ್ಟಗೆ ಬಿಡು."

"ತೂಕ ಆಗ್ತದಲ್ಲೇ!" ಅಂದಿತು ಕಾಂಡ್ಲಾ.

"ಬಳ್ಳಿಗೆ ಕಾಯಿ ಭಾರವೇನೇ?"

ಕಾಂಡ್ಲಾ ಹೊತ್ತುಕೊಂಡಿತು. ಗಾಳಿ ಬೀಸಿದರೂ ಬಿಡಲಿಲ್ಲ, ಕೊಂಬೆ ನೊಂದರೂ ಬಿಡಲಿಲ್ಲ. ಇತ್ತ ನೀರು ಗುಡಿಸಲ ಮೆಟ್ಟಿಲಿಗೇ ಬಂದಿತ್ತು.

ಒಂದು ಬೆಳಿಗ್ಗೆ, ನೀರಿಳಿದ ಹೊತ್ತಿಗೆ, ಟಪಕ್! ಮೊದಲ ಮಗು ಕೆಸರಿಗೆ ನೆಟ್ಟಗೆ ನಾಟಿಕೊಂಡಿತು.

ಕಡಲರಾಯ ಬಂದ. ಮಗುವಿನ ಮೊಣಕಾಲು ಮುಳುಗಿತು, ಕುತ್ತಿಗೆ ಮುಳುಗಿತು, ತಲೆಯೂ ಮುಳುಗಿತು. ಮಂಕಾಳಿ ಉಸಿರು ಬಿಗಿಹಿಡಿದು ಕೂತಳು. ಕಡಲರಾಯ ಜಗ್ಗಿದ, ಇನ್ನೂ ಜಗ್ಗಿದ, ಸುಸ್ತಾಗಿ ಹಿಂದೆ ಸರಿದ. ನೀರು ತೊಟ್ಟಿಕ್ಕಿಸುತ್ತ ಎರಡು ಹಸಿರೆಲೆ ನಿಂತೇ ಇದ್ದವು!

"ನಿಂತಿತು! ನಮ್ಮ ಕೂಸು ನಿಂತಿತು!" ಮಂಕಾಳಿ ದೋಣಿಯನ್ನೇ ಡೋಲು ಮಾಡಿ ಬಡಿದಳು. ನಕ್ಕಿದ್ದ ನೀರುನಾಯಿ ಕೆಸರಲ್ಲಿ ಲಾಗ ಹಾಕಿತು. ಟಪಕ್, ಟಪಕ್, ಟಪಕ್! ಹತ್ತಲ್ಲ, ನೂರು ಮಕ್ಕಳು ಇಳಿದವು.

ಮಳೆಗಾಲದಲ್ಲಿ ಕಡಲರಾಯ ದೊಡ್ಡ ತೆರೆ ಕಟ್ಟಿಕೊಂಡು ಬಂದ. ಮಕ್ಕಳ ಸಾಲಿಗೆ ಡಿಕ್ಕಿ ಹೊಡೆದು, ಎಡವಿ, ನೊರೆ ಕಾರಿದ. "ಆಯ್ತು ಮಾರಾಯ್ತಿ, ನೀವೇ ಗೆದ್ರಿ," ಅಂತ ಗೊಣಗಿ ವಾಪಸಾದ. ಮಂಕಾಳಿ ಬಾಗಿಲಲ್ಲಿ ಕಾಲು ಚಾಚಿ ಕೂತು ಬಲೆ ಹೆಣೆದಳು.

ಅದಕ್ಕೇ ಮಗಾ, ಇವತ್ತಿಗೂ ದೋಣಿಯಲ್ಲಿ ಕಾಂಡ್ಲಾ ಕಾಡಿನೊಳಗೆ ಹೋದರೆ ತಲೆ ಎತ್ತಿ ನೋಡು: ತಾಯಿಮರದ ಕೊಂಬೆಯಲ್ಲೇ ಮೊಳೆತ ಮಕ್ಕಳು ಉದ್ದಕ್ಕೆ, ಚೂಪಾಗಿ, ನೀರಿಳಿಯುವುದನ್ನೇ ಕಾಯುತ್ತ ತೂಗಾಡುತ್ತಿರುತ್ತವೆ.